ತೊಳೆದಿಟ್ಟ ಕೋವಿ

ಬೆಳಿಗ್ಗೆ 9.20ಕ್ಕೆ ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷರು ಎಡಗಿವಿಗೆ ಬ್ಯಾಂಡೇಜು ಸುತ್ತಿಕೊಂಡು ಠಾಣೆಗೆ ನುಗ್ಗಿದರು.

"ಎಂಟು ಗಂಟೆಗೆ, ಹಿಂದಿನಿಂದ ಹೊಡೆದ! ನನ್ನ ಅಳಿಯನೇ. ನಿನ್ನೆ ಜಗಳ ಆಡಿದ್ದ. ಬರ್ಕೊಳ್ಳಿ!"

ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರಮ್ಮನಿಗೆ ಮಾತ್ರ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೊಲೆಯತ್ನದ ಕೇಸು, ಬೇರೆ ಸುಳಿವು ಸಿಗದಿದ್ದರೆ ಸಂಜೆಗೆ ಅಳಿಯ ಜೈಲಿಗೆ.

"ಬರ್ಕೊಳ್ಳೀ!" ಜೀಪಿನಲ್ಲಿ ಕಾನ್‌ಸ್ಟೆಬಲ್ 'ಟೇಪ್‌ರೆಕಾರ್ಡರ್' ಅಧ್ಯಕ್ಷರ ದನಿಯನ್ನು ಥೇಟ್ ಅಣಕಿಸಿದ; ಆ ಅಡ್ಡಹೆಸರು ಬಂದದ್ದೇ ಹಾಗೆ.

"ಕ್ಯಾಸೆಟ್ ನಿಲ್ಸು."

10.45ಕ್ಕೆ ಕ್ಲಬ್ಬಿನಲ್ಲಿ ಪಂಚನಾಮೆ. ಕಿವಿ ಸವರಿ ಬಾಗಿಲಿಗೆ ನೆಟ್ಟಿದ್ದ ಸೀಸದ ಗುಂಡು ಕಪಾಟಿನ ಆರು ಕೋವಿಗಳಲ್ಲಿ ಒಂದಕ್ಕೇ ಹೊಂದಿತು: ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿ. ಕಪಾಟಿನ ಕೀಲಿ ಇಬ್ಬರ ಬಳಿ: ಕಾರ್ಯದರ್ಶಿಯಾದ ಅಳಿಯ, ಕೋವಿ ರಿಪೇರಿಯ ಮೇಸ್ತ್ರಿ.

ಅವಳು ಮದ್ದು ಜಡಿಯುವ ಕಡ್ಡಿಯಾದ ಗಜದ ತುದಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಗಿಳಿಸಿದಳು. ಹೊಸ ಎಣ್ಣೆ ಹತ್ತಿತೇ ಹೊರತು ಚೂರೂ ಮಸಿಯಿಲ್ಲ.

ಅಳಿಯನ ಮುಂದೆ ಕೋವಿ ಇಟ್ಟಳು. "ಹೊಡೆದ ಮೇಲೆ ಹೇಗೆ ಕ್ಲೀನ್ ಮಾಡ್ತೀರಿ? ತೋರ್ಸಿ."

ಅವನು ನೇರ ಎಣ್ಣೆ ಬಾಟಲಿಗೆ ಕೈ ಹಾಕಿದ.

"ಅಯ್ಯೋ, ಮೊದ್ಲು ಬಿಸಿನೀರಪ್ಪಾ!" ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಎದ್ದೇಬಿಟ್ಟ. "ಮದ್ದಿನ ಮಸಿ ತೇವ ಎಳ್ಕೊಳ್ಳತ್ತೆ. ತೊಳೆದು, ಒಣಗ್ಸಿ, ಆಮೇಲೆ ಎಣ್ಣೆ. ಇಲ್ದಿದ್ರೆ ನಾಳೆಗೆ ತುಕ್ಕು!"

"ಇವತ್ತು ನೀರು ಕಾಯ್ಸಿದ್ದು ಯಾರು?"

ಮೇಸ್ತ್ರಿ ಮತ್ತೆ ಕೂತ.

"ಓಡಿಹೋಗೋದು ಬಿಟ್ಟು ತೊಳೀತಾ ನಿಂತ್ರಾ?"

"ಹಾಗೇ ಬಿಟ್ಟು ಹೋಗೋದು ಹೇಗಮ್ಮಾ?"

ಒಳಕೋಣೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಬಂದು ಕೂತಿತ್ತು. ಆರೂ ಕೋವಿಗಳಿಗೆ ತೂತು ಕೊರೆದು ಹಾಲಿಗೆ ದೀಪದ ಕಂಬ ಮಾಡಬೇಕೆಂಬುದು ಅಧ್ಯಕ್ಷರ ಹುಕುಂ. ಮೇಸ್ತ್ರಿ ಅವುಗಳನ್ನು ಒರೆಸುತ್ತ ಬಂದು ಮೂವತ್ತೊಂದು ವರ್ಷವಾಗಿತ್ತು.

"ತಲೆಗೆ ಇಟ್ಟಿದ್ರಾ ಗುರಿ?"

"ಛೆ, ಕಿವಿಗೇ ಇಟ್ಟಿದ್ದು. ಕೊರೀಬೇಡಿ ಅಂತ ಮೂರು ತಿಂಗಳಿಂದ ಬೇಡ್ಕೊಂಡ್ರೂ ಅದಕ್ಕೆ ಕೇಳಿಸ್ಲಿಲ್ವಲ್ಲ."

ಮಧ್ಯಾಹ್ನ 3.10ಕ್ಕೆ ಮೇಸ್ತ್ರಿಯ ದಸ್ತಗಿರಿ. ಅಳಿಯ ಮನೆಗೆ ಹೋದ. ಟೇಪ್‌ರೆಕಾರ್ಡರ್ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತತೊಡಗಿದ.

"ನಾಳೆ ಒಂದ್ಸಲ ಬಿಚ್ಚಿ ಒರೆಸ್ಬೇಕು ತಾಯೀ," ಎಂದ ಮೇಸ್ತ್ರಿ. "ತೊಳೆದ ಮಾರನೇ ದಿನ ಒಳಗಿನ ತೇವ ಮತ್ತೆ ಹೊರಗೆ ಬರತ್ತೆ."

"ಸಾಕ್ಷ್ಯ ಅದು. ಕೇಸು ಮುಗಿಯೋವರೆಗೂ ಬಿಚ್ಚೋ ಹಾಗಿಲ್ಲ."

"ಎಷ್ಟು ದಿನ ಆಗತ್ತೆ?"

"ಕೋರ್ಟು ಹೇಳ್ಬೇಕು," ಎಂದಳು ಅವಳು; ಅದು ದಿನಗಳ ಲೆಕ್ಕವಲ್ಲ, ವರ್ಷಗಳದು. ಅರಗು ಆರಿ ಗಟ್ಟಿಯಾಗುವವರೆಗೂ ಮೇಸ್ತ್ರಿ ಆ ಬಟ್ಟೆಯ ಗಂಟನ್ನೇ ನೋಡುತ್ತಿದ್ದ.