ಉಂಗುರಕ್ಕೆ ಅಂಟಿದ ಪಿಸ್ತಾ

“ಹದಿನೈದು ದಿನಾನೂ ಆಗಿಲ್ಲ ಡಾಕ್ಟ್ರೇ, ಆಗಲೇ ಕಳಚ್ಕೊಂಡಿದೆ. ಇವಳು ಅಂಟೋದು ಏನೂ ತಿಂದಿಲ್ಲ. ಸಿಮೆಂಟೇ ಸರಿ ಇಲ್ಲ,” ಅಂದರು ಅಮ್ಮ.

ಗೊಲ್ನಾರ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಅವಳ ಮೇಲಿನ ಎರಡು ದವಡೆಹಲ್ಲಿಗೆ ಒಂದೊಂದು ಉಂಗುರ. ಎರಡನ್ನೂ ಸೇರಿಸಿ ಅಂಗುಳಿನ ಅಡ್ಡಕ್ಕೆ ಕಮಾನಿನಂಥ ತಂತಿ. ಹಾಲುಹಲ್ಲು ಬೇಗ ಬಿದ್ದ ಜಾಗಕ್ಕೆ ದವಡೆಹಲ್ಲು ನುಗ್ಗದಂತೆ ಹಿಡಿದಿಡುವುದು ಅದರ ಕೆಲಸ. ಈಗ ಎಡಗಡೆಯ ಉಂಗುರ ಸಡಿಲವಾಗಿ, ನಾಲಿಗೆ ತಾಗಿದರೆ ಸಾಕು, ತಂತಿ ಅಲ್ಲಾಡುತ್ತಿತ್ತು.

ಡಾಕ್ಟರ್ ಮೆಹರ್‌ಪೂರ್ ಪಕ್ಕದಲ್ಲಿ ನಿಂತಿದ್ದ ನರ್ಸ್ ಸೊರೂರ್ ಖಾನಂ ಕಡೆ ತಿರುಗಿದರು. ಆಕೆಗೆ ಅಜ್ಜಿಯ ವಯಸ್ಸು.

“ಕಲಸಿದ್ದು ನೀವು ತಾನೇ? ಇಪ್ಪತ್ತು ವರ್ಷ ಆಯ್ತು, ಇನ್ನೂ ಹದ ಗೊತ್ತಾಗಲ್ವಾ?”

ತೆರೆದ ಬಾಗಿಲಾಚೆ ಕೂತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಬೈಗುಳವೂ ನೀರಿನ ಹಾಗೇ, ತಗ್ಗು ಕಂಡಲ್ಲಿಗೆ ಹರಿಯುತ್ತದೆ. ಸೊರೂರ್ ಖಾನಂ ತಲೆ ತಗ್ಗಿಸಿದರು. ಗೊಲ್ನಾರ್‌ಳ ಕಿವಿ ಸುಡತೊಡಗಿತು.

ಮೊನ್ನೆ ಶುಕ್ರವಾರ ಮಾಹಿನ್ ಅತ್ತೆಯ ಮನೆಯಲ್ಲಿ ಚಹಾದ ಜೊತೆ ಗಝ್ ಬಂದಿತ್ತು. ಹಿಟ್ಟಿನಲ್ಲಿ ಹೊರಳಿಸಿದ, ಪಿಸ್ತಾ ತುಂಬಿದ ಬಿಳಿ ಮಿಠಾಯಿ, ಅವರ ಊರು ಇಸ್ಫಹಾನಿನ ಹೆಮ್ಮೆ. ಹಲ್ಲಿಗೆ ಹಿಡಿದರೆ ಬಿಡುವುದಿಲ್ಲ. ಅದನ್ನಂತೂ ಮುಟ್ಟಲೇಬಾರದು ಅಂತ ಸೊರೂರ್ ಖಾನಂ ಬೆರಳೆತ್ತಿ ಹೇಳಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದರು. ಗೊಲ್ನಾರ್ ಬೇಡ ಅಂದಳು. ಆದರೆ ಮೊದಲ ‘ಬೇಡ’ವನ್ನು ಯಾರು ನಂಬುತ್ತಾರೆ? ಅದು ಬರೀ ಮರ್ಯಾದೆಯ ಮಾತು. ಎರಡನೆಯದೂ ಅಷ್ಟೇ. ಮೂರನೇ ಸಲ ಬೇಡ ಅಂದಾಗ ಅತ್ತೆ ಮುಖ ಸಣ್ಣಗೆ ಮಾಡಿಕೊಂಡರು. “ಇಸ್ಫಹಾನಿನ ಹುಡುಗಿ ಗಝ್ ಬೇಡ ಅನ್ನೋದಾ? ನಾನೇನು ವಿಷ ಹಾಕಿದೀನಾ?”

ಬಾಯಲ್ಲಿ ತಂತಿ ಇದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅತ್ತೆಯ ಮಗ ಕಿಯಾರಶ್ ಎದುರಿಗೇ ಕೂತಿದ್ದ. ಗೊತ್ತಾದರೆ ಓಣಿಗೆಲ್ಲ ‘ತಂತಿಬಾಯಿ’ ಅಂತ ಸಾರಿಬಿಡುವವನು. ಗೊಲ್ನಾರ್ ಒಂದು ತಿಂದಳು. ಆಮೇಲೆ ಇನ್ನೊಂದು. ಮೊದಲನೆಯದು ದಾಕ್ಷಿಣ್ಯಕ್ಕೆ, ಎರಡನೆಯದು ರುಚಿಗೆ. ಮನೆಗೆ ಬಂದು, ಉಂಗುರ ತಾನಾಗಿಯೇ ಕಳಚಿತು ಅಂದಳು.

ಡಾಕ್ಟರ್ ಉಂಗುರ ತಂತಿ ಎಲ್ಲ ಬಿಚ್ಚಿ ತಟ್ಟೆಗಿಟ್ಟರು. ಅದನ್ನು ತೊಳೆಯಲು ಎತ್ತಿಕೊಂಡ ಸೊರೂರ್ ಖಾನಂ ಕೈ ನಿಂತಿತು. ಉಂಗುರದ ಒಳಗೆ ಹಸಿರು ಚೂರು. ಅವರು ಗೊಲ್ನಾರ್‌ಳನ್ನು ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದಾಗ ಚೂರು ಹತ್ತಿಯೊಳಗೆ ಹೋಗಿ, ಹತ್ತಿ ಅವರ ಮುಷ್ಟಿಯೊಳಗಿತ್ತು.

“ನನ್ನ ಕೈಯದೇ ತಪ್ಪಿರಬೇಕು,” ಅಂದರು ಮೆಲ್ಲಗೆ. “ಈ ಸಲ ಗಟ್ಟಿ ಕಲಸ್ತೀನಿ.”

ಗೊಲ್ನಾರ್‌ಳ ಬಾಯಿ ಈಗ ಖಾಲಿ ಇತ್ತು. “ಅಮ್ಮಾ, ನಾನು ಗಝ್ ತಿಂದೆ.”

ಅಮ್ಮ ನಕ್ಕುಬಿಟ್ಟರು. ಪಾಪ, ಆಕೆ ಬೈಸಿಕೊಂಡರಲ್ಲ ಅಂತ ಮಗಳು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ ಅಂದುಕೊಂಡರು. ಡಾಕ್ಟರಿಗೂ ಹಾಗೇ ಹೇಳಿದರು. ಗೊಲ್ನಾರ್ ಇನ್ನೊಮ್ಮೆ ಹೇಳಿದಳು. ಒಳ್ಳೇ ಹುಡುಗಿ ಅಂತ ಡಾಕ್ಟರ್ ತಲೆ ಸವರಿದರು. ಅಷ್ಟು ನಾಚಿಕೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಮೂರನೇ ಸಲ ಅವಳು ಮಾತಾಡಲಿಲ್ಲ. ಎದ್ದು ಕೂತು ಸೊರೂರ್ ಖಾನಂ ಮುಷ್ಟಿಯ ಒಂದೊಂದೇ ಬೆರಳು ಬಿಡಿಸಿ, ಹತ್ತಿಯೊಳಗಿನ ಪಿಸ್ತಾ ಚೂರನ್ನು ದೀಪದ ಕೆಳಗೆ ಹಿಡಿದಳು.

ಅಮ್ಮನ ಮುಖ ಕೆಂಪಾಯಿತು. ಡಾಕ್ಟರ್ ಡ್ರಾಯರಿನಲ್ಲಿ ಏನನ್ನೋ ಹುಡುಕತೊಡಗಿದರು. ಅಮ್ಮ ಕ್ಷಮೆ ಕೇಳಿದರು. ಅಯ್ಯೋ, ಏನೂ ಇಲ್ಲ ಬಿಡಿ ಅನ್ನುತ್ತ ಸೊರೂರ್ ಖಾನಂ ಸಿಮೆಂಟ್ ಕಲಸಲು ಕೂತರು. ಮುಖ ಎತ್ತದೆ ಕಲಸುತ್ತಲೇ ಇದ್ದರು.

ಆ ‘ಏನೂ ಇಲ್ಲ’ವೂ ಮೊದಲ ‘ಬೇಡ’ದ ಹಾಗೆ ಬರೀ ಮರ್ಯಾದೆಯದು ಅಂತ ಗೊಲ್ನಾರ್‌ಗೆ ಹೊಳೆಯಿತು.

“ತಪ್ಪಾಯ್ತು, ಸೊರೂರ್ ಖಾನಂ.”

“ಏನೂ ಇಲ್ಲ ಕಂದಾ.”

“ತಪ್ಪಾಯ್ತು.”

“ಇಲ್ಲ ಅಂದ್ನಲ್ಲ.”

“ತಪ್ಪಾಯ್ತು.”

ಸೊರೂರ್ ಖಾನಂ ಕೈ ನಿಲ್ಲಿಸಿದರು. “ಬೇಜಾರಾಯ್ತು ಕಣೇ. ಅಷ್ಟು ಜನರ ಎದುರಿಗೆ.” ಮತ್ತೆ ಎರಡು ಸುತ್ತು ಕಲಸಿ, “ಹೂಂ, ಬಾಯಿ ತೆಗಿ,” ಅಂದರು.

ಬಾಗಿಲು ಇನ್ನೂ ತೆರೆದೇ ಇತ್ತು. ಹೊರಗಿನವರು ನೋಡುತ್ತಲೇ ಇದ್ದರು. ಮುಚ್ಚಿ ಅಂತ ಗೊಲ್ನಾರ್ ಹೇಳಲಿಲ್ಲ. ತಂತಿ ಕೂರಿಸುವುದು ಎಲ್ಲರಿಗೂ ಕಾಣುವಷ್ಟು ಅಗಲವಾಗಿ ಬಾಯಿ ತೆರೆದಳು.