ತೋಡಿನ ಬದಿಯ ಶೆಡ್

ಗ್ರಾಮಸಭೆಯನ್ನೆಲ್ಲ ನಗಿಸಿ ಕುಳಿತ ಮೇಲೆ ಪುರಂದರ ಶ್ರೀರಂಜಿನಿಯ ಮುಖ ನೋಡಿದ. ನೋಡಬಾರದಿತ್ತು.

ಬದಿಯಡ್ಕದ ಶ್ರೀರಂಜಿನಿ ಅರ್ಥಶಾಸ್ತ್ರ ಓದಿದವಳು. ಮೊಗ್ರಾಲ್ ಹೊಳೆ ಸೇರುವ ತೋಡನ್ನು, ಊರಿನ ಆ ಕಿರುತೊರೆಯನ್ನು, ಮತ್ತೆ ಮೊದಲಿನಷ್ಟು ಅಗಲ ಮಾಡಿದರೆ ಖರ್ಚೆಷ್ಟು, ಊರಿಗೆ ಪ್ರಯೋಜನವೆಷ್ಟು ಎಂದು ಪಂಚಾಯತಿಗೆ ವರದಿ ಬರೆಯಲು ಬಂದಿದ್ದಳು. ಎರಡು ತಿಂಗಳು ಅವಳನ್ನು ದೋಣಿಯಲ್ಲಿ ಸುತ್ತಿಸಿದವನು ತೋಡಿನ ಬದಿಯ ಶೆಡ್ಡಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಪುರಂದರ. ಅವಳು ನೀರಿಗೆ ಬೆರಳು ಅದ್ದುವಳು. ಅವನು ನೋಡುತ್ತಿದ್ದಾನೆಂದು ತಿಳಿದೊಡನೆ ಕೈ ತೆಗೆಯುವಳು. ಅವನು ಬೇಕೆಂದೇ ನಿಧಾನವಾಗಿ ಹುಟ್ಟು ಹಾಕುತ್ತಿದ್ದ.

“ಇಂಜಿನ್ ರಿಪೇರಿಯವರ ದೋಣಿಗೆ ಇಂಜಿನ್ ಇಲ್ವಾ?”

“ಉಂಟು. ಇವತ್ತು ಹಾಳಾಗಿದೆ.”

“ನಿನ್ನೆಯೂ ಹಾಳಾಗಿತ್ತು!”

ಅಂಥದೇ ಒಂದು ಸಂಜೆ ಅವಳು ಹೇಳಿದ್ದಳು. “ತೋಡು ಅಗಲವಾಗಿ ಬಾವಿ ನೀರು ಉಪ್ಪಾಗದಿದ್ರೆ ಎಷ್ಟು ಉಳಿತಾಯ ಅಂತ ಲೆಕ್ಕ ಹಾಕ್ಬಹುದು. ಮಕ್ಕಳು ಪುನಃ ಈಜ್ಲಿಕ್ಕೆ ಬಂದ್ರೆ ಆ ಖುಷಿಗೆ ಎಷ್ಟು ಅಂತ ಬರಿಯುದು? ನನಗೇ ಗೊತ್ತಿಲ್ಲ, ಪುರಂದರ.”

ಸಭೆಯಲ್ಲಿ ಅವಳು ತೋರಿಸಿದ ನಕ್ಷೆಯಲ್ಲಿ ತೋಡಿನ ಹೊಸ ಅಂಚಿನ ಕೆಂಪು ಗೆರೆ ತನ್ನ ಶೆಡ್ಡಿನ ಮೇಲೆಯೇ ಹಾದುಹೋದಾಗ ಅವನು ಎದ್ದು ನಿಂತಿದ್ದ. “ಎರಡು ಕೋಟಿ ಖರ್ಚಂತೆ. ಲಾಭ ಎಷ್ಟು ಅಂತ ಮೇಡಮ್ಮಿಗೇ ಗೊತ್ತಿಲ್ಲ ಮಾರಾಯ್ರೆ! ನನ್ನ ಹತ್ರ ಅವರೇ ಹೇಳಿದ್ದು.”

ತೀರ್ಮಾನ ಮುಂದಿನ ಸಭೆಗೆ ಹೋಯಿತು. ಶ್ರೀರಂಜಿನಿ ತಲೆ ಎತ್ತದೆ ಕಾಗದಗಳನ್ನು ಜೋಡಿಸಿಕೊಂಡು ಹೊರಟುಹೋದಳು.

ಮರುದಿನ ವಾರ್ಡ್ ಮೆಂಬರ್ ಲೋಲಾಕ್ಷಿ ವರದಿಯ ಪ್ರತಿಯನ್ನು ಅವನ ಮೇಜಿನ ಮೇಲೆ ಹಾಕಿದರು. “ಓದು. ನಿನ್ನ ಹೆಸರು ಉಂಟು.”

ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು: ಪುರಂದರರಿಗೆ ಹೊಸ ಶೆಡ್, ಆರು ತಿಂಗಳ ಸಂಪಾದನೆ, ಜಾಗದ ಬೆಲೆ. ಅದು ತನ್ನ ಹೆಸರಿನಲ್ಲೇ ಇರುವ ಪಟ್ಟಾ ಜಾಗವೆಂದು ಅವನೇ ಅವಳಿಗೆ ಹೇಳಿದ್ದ. ಅವಳು ನಂಬಿದ್ದಳು. ನಿಜಕ್ಕೂ ಅವನ ಅಪ್ಪ ಮಣ್ಣು ತುಂಬಿಸಿ, ಕಲ್ಲು ಕಟ್ಟಿ ತೋಡಿನಿಂದ ಕಿತ್ತುಕೊಂಡ ಜಾಗ ಅದು. ಆ ಇಡೀ ದಿನ ಒಂದು ನಟ್ ಕೂಡ ಅವನ ಕೈಗೆ ಸರಿಯಾಗಿ ಕೂರಲಿಲ್ಲ.

ಮೂರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

ಮುಂದಿನ ಸಭೆಗೆ ಶ್ರೀರಂಜಿನಿಯೂ ಬಂದಿದ್ದಳು. ಅವನು ಮತ್ತೆ ಎದ್ದಾಗ ಕೆಲವರು ನಗಲು ತಯಾರಾದರು. “ನನ್ನ ಶೆಡ್ ಇರುವುದು ತೋಡಿನ ಜಾಗದಲ್ಲಿ,” ಎಂದ. “ನಾನು ಸುಳ್ಳು ಹೇಳಿದ್ದು. ಮೇಡಂ ನಂಬಿಕೆಯಿಂದ ಹೇಳಿದ್ದನ್ನು ಇಲ್ಲಿ ತಮಾಷೆ ಮಾಡಿದ್ದೂ ನಾನೇ. ನನಗೆ ಪರಿಹಾರ ಬೇಡ. ಕೆಲಸ ಶುರುವಾಗಲಿ.”

ಈ ಸಲ ಯಾರೂ ನಗಲಿಲ್ಲ. ಕೈಗಳು ಮೇಲೆದ್ದವು, ಯೋಜನೆ ಪಾಸಾಯಿತು.

ಬಸ್‌ಸ್ಟಾಪಿನಲ್ಲಿ ಅವನು ಅವಳಿಂದ ಎರಡು ಮಾರು ದೂರದಲ್ಲೇ ನಿಂತ.

“ನಾನು ಇನ್ನೂ ಕ್ಷಮಿಸ್ಲಿಲ್ಲ,” ಎಂದಳು.

“ಗೊತ್ತುಂಟು.”

“ಮತ್ತೆ ಎಂತಕ್ಕೆ ಬಂದದ್ದು?”

“ನೀವು ಅಂದ್ರೆ ನನಗೆ ಇಷ್ಟ. ಹೇಳುವ ಯೋಗ್ಯತೆ ಇಲ್ಲ. ಆದ್ರೂ ಇನ್ನೊಂದು ಸುಳ್ಳು ಬೇಡ ಅಂತ.”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಆದರೂ ಅವಳ ಕೆನ್ನೆ ಕೆಂಪಾದದ್ದು ಕಂಡಿತು. ಬಸ್ಸು ಬಂತು. ಹತ್ತಿ, ಕಿಟಕಿಯ ಬಳಿ ಕುಳಿತು, ಬಗ್ಗಿ ಹೇಳಿದಳು:

“ಭಾನುವಾರ ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡ್ಬೇಕಲ್ಲ.”

ಪುರಂದರ ಕಿಟಕಿಯ ಹತ್ತಿರ ಬಂದ. “ಸಭೆಯಲ್ಲಿ ಮಾಡಿದ್ದನ್ನೂ ಹೇಳ್ಬೇಕಾ?”

“ಅದನ್ನೇ ಮೊದಲು,” ಎಂದಳು ಶ್ರೀರಂಜಿನಿ.