ದುರುಗಿ ತೆಗೆಯದ ಮುಚ್ಚಳ

ಬಹಳ ಹಿಂದೆ, ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ, ಕೆಂಡಾವತಿ ಅಂತೊಂದು ರಾಜ್ಯವಿತ್ತು. ಉಣ್ಣೋದರಲ್ಲಿ ಅಲ್ಲಿಯವರದು ಎತ್ತಿದ ಕೈ. ನೆಂಟರು ಬಂದರೆ ಮೊದಲು ಒಲೆಯ ಹತ್ತಿರ ಹೋಗಿ, ಮುಚ್ಚಳ ತೆಗೆದು, ಮೂಸಿ, "ಆಹಾ!" ಅನ್ನಬೇಕು. ಅದು ಅಲ್ಲಿಯ ಮರ್ಯಾದೆ. ತೆಗೆಯಬೇಡಿ ಅಂದ ಮನೆಯವರಿಗೆ ಊರೆಲ್ಲ ಛೀ ಥೂ ಅನ್ನುತ್ತಿತ್ತು.

ಅಲ್ಲಿ ದುರುಗಿ ಎಂಬವಳಿದ್ದಳು. ಅವಳ ಗಂಡ ಕಾಟಯ್ಯ ಒಂದು ಬೆಳಗ್ಗೆ ಕರಿಜಟನೆಂಬ ಮಾಂತ್ರಿಕನಿಗೆ ಕೈಮುಗಿಯಲಿಲ್ಲ. ಅಷ್ಟಕ್ಕೇ ಆ ಪಾಪಿ ಅವನನ್ನು ಹುಲಿ ಮಾಡಿ ಅವಳ ಅಂಗಳಕ್ಕೆ ತಂದು ಬಿಟ್ಟ.

"ಹೊತ್ತು ಮುಳುಗೋದರೊಳಗೆ ಇವನಿಗೆ ಬೇಯಿಸಿದ ಬಾಡು ತಿನ್ನಿಸು. ತಿಂದರೆ ನಿನ್ನ ಗಂಡ, ಇಲ್ಲವಾದರೆ ಕಾಡಿನ ಪಾಲು," ಎಂದು ನಕ್ಕ. ಹುಲಿ ಎಲ್ಲಾದರೂ ಬೇಯಿಸಿದ್ದು ತಿನ್ನುತ್ತದೆಯೇ?

ದುರುಗಿ ಅಳುತ್ತಾ ಕೂರಲಿಲ್ಲ. ಕಾಟಯ್ಯ ಪ್ರಾಣ ಬಿಡುತ್ತಿದ್ದ ಅಡುಗೆ ಒಂದಿತ್ತು: ಹೊಗೆಯಲ್ಲಿ ಬೆಂದ ದನದ ಪಕ್ಕೆಲುಬು. ಅದರ ಪೊರೆ ಸುಲಿದು ಉಪ್ಪು, ಖಾರದಪುಡಿ ಸವರಿದಳು. ಹಿತ್ತಲ ಗುಂಡಿಯಲ್ಲಿ ಹುಣಸೆ ಕಟ್ಟಿಗೆಯ ಕೆಂಡ ಮಾಡಿ, ನೆನೆಸಿದ ಮಾವಿನ ಮರದ ಚಕ್ಕೆ ಹಾಕಿ, ಮೇಲೆ ಸರಳು ಜೋಡಿಸಿ ಬಾಡಿಟ್ಟು ಮಣ್ಣಿನ ಮುಚ್ಚಳ ಮುಚ್ಚಿದಳು. ನಡುವೆ ಒಮ್ಮೆ ತೆಗೆದರೂ ಕಾವು ಹಾರಿಹೋಗುತ್ತದೆ, ಸಂಜೆಯೊಳಗೆ ಬೇಯುವುದಿಲ್ಲ. ಪಕ್ಕದ ಒಲೆಯಲ್ಲಿ ಒಣಮೆಣಸಿನಕಾಯಿ, ಬೆಲ್ಲ, ಹುಣಸೆಹುಳಿ, ಬೆಳ್ಳುಳ್ಳಿಯ ಗೊಜ್ಜು ಕುದಿಯತೊಡಗಿತು.

ಸೂರಿನ ಮೇಲೆ ಕೂತು ನೋಡುತ್ತಿದ್ದ ಕರಿಜಟನಿಗೆ ದಿಗಿಲಾಯಿತು. ಮೊದಲು ಅವಳ ಸೋದರತ್ತೆಯ ವೇಷದಲ್ಲಿ ಬಂದ.

"ಏನೇ ದುರುಗಿ, ಒಳ್ಳೇ ಘಮ! ತೆಗಿ ಮುಚ್ಚಳ, ನೋಡೋಣ."

"ಇವತ್ತು ಬೇಡತ್ತೆ."

"ಅಯ್ಯೋ ಮರ್ಯಾದೆಗೆಟ್ಟವಳೇ! ಊರಿಗೆಲ್ಲ ಹೇಳ್ತೀನಿ."

"ಡಂಗುರ ಹೊಡಿಸಿ. ತೆಗೆಯಲ್ಲ ಅಂದ್ರೆ ತೆಗೆಯಲ್ಲ."

ಅತ್ತೆ ಮಾಯವಾದಳು. ಮತ್ತೆ ರಾಜನ ವೇಷದಲ್ಲಿ ಆನೆಯೇರಿ ಬಂದ.

"ತೆಗೆದರೆ ಅರ್ಧ ರಾಜ್ಯ! ತೆಗೆಯದಿದ್ದರೆ ತಲೆದಂಡ!"

ದುರುಗಿ ಗೊಜ್ಜು ತಿರುವುತ್ತಲೇ ಅಂದಳು: "ತಲೆ ಬೇಕಾದರೆ ಹೊತ್ತು ಮುಳುಗಿದ ಮೇಲೆ ಬನ್ನಿ ಮಹಾಪ್ರಭು. ಈಗ ನನಗೆ ಪುರುಸೊತ್ತಿಲ್ಲ."

ಆನೆಯೂ ಮಾಯ, ರಾಜನೂ ಮಾಯ. ಮೂರನೆಯ ಸಲ ಯಾರೂ ಬರಲಿಲ್ಲ. ಮುಚ್ಚಳದ ಕೆಳಗಿನಿಂದಲೇ ಕಾಟಯ್ಯನ ದನಿ ಚೀರಿತು.

"ದುರುಗೀ, ನನ್ನನ್ನೇ ಸುಡ್ತಿದೀಯಲ್ಲೇ! ಉಸಿರು ಕಟ್ತಿದೆ, ತೆಗಿಯೇ!"

ಅವಳ ಕೈ ಮುಚ್ಚಳದವರೆಗೂ ಹೋಯಿತು. ತಿರುಗಿ ನೋಡಿದರೆ ಅಂಗಳದಲ್ಲಿ ಹುಲಿ ಅವಳನ್ನೇ ನೋಡುತ್ತಾ ಕೂತಿತ್ತು.

"ನನ್ನ ಗಂಡ ಅಲ್ಲಿದಾನೆ," ಎಂದಳು. ದನಿ ಗೋಗರೆಯುತ್ತಲೇ ಇತ್ತು. ಅವಳು ಬಿಕ್ಕಿ ಬಿಕ್ಕಿ ಅಳುತ್ತಾ ಮುಚ್ಚಳದ ಅಂಚಿಗೆಲ್ಲ ಹಸಿಮಣ್ಣು ಮೆತ್ತಿದಳು. ದನಿ ಸಣ್ಣಗಾಗಿ ನಿಂತುಹೋಯಿತು.

ಸೂರ್ಯ ಗುಡ್ಡ ಮುಟ್ಟುವ ಹೊತ್ತಿಗೆ ಮಣ್ಣು ಒಡೆದಳು. ಬಾಡು ಮೂಳೆಯಿಂದ ತಾನಾಗಿ ಬಿಡುತ್ತಿತ್ತು. ಗೊಜ್ಜು ಸುರಿದು ಹುಲಿಯ ಮುಂದಿಟ್ಟಳು. ಹುಲಿ ಮೂಸಿತು, ಮುಖ ತಿರುಗಿಸಿತು.

"ತಿನ್ನೋ ನನ್ನಪ್ಪಾ, ಒಂದೇ ತುತ್ತು," ಎಂದು ದುರುಗಿ ಬೇಡಿಕೊಂಡಳು.

ಹುಲಿ ಒಮ್ಮೆ ನೆಕ್ಕಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ನೆಕ್ಕಿತು, ಆಮೇಲೆ ಗಬಗಬ ತಿಂದಿತು. ತಿನ್ನುತ್ತಾ ತಿನ್ನುತ್ತಾ ಪಟ್ಟೆಗಳು ಉದುರಿ ಕಾಟಯ್ಯ ಕೂತಿದ್ದ. ಸೂರಿನ ಮೇಲಿದ್ದ ಕರಿಜಟ ಅಯ್ಯಯ್ಯೋ ಅಂತ ಕಿರುಚಿ, ಹೊಗೆಯಾಗಿ ಗಾಳಿಗೆ ಚದುರಿಹೋದ. ಅವನು ಮೃಗ ಮಾಡಿದ್ದವರೆಲ್ಲ ಮನುಷ್ಯರಾಗಿ ಮನೆ ಸೇರಿದರು. ದುರುಗಿ, ಕಾಟಯ್ಯ ಹಲ್ಲು ಉದುರುವವರೆಗೂ ಪಕ್ಕೆಲುಬು ಚೀಪುತ್ತಾ ಸುಖವಾಗಿದ್ದರು.

ಆದರೆ ಅವತ್ತು ಕಾಟಯ್ಯ ಬೆರಳು ನೆಕ್ಕಿ ಆಡಿದ ಮೊದಲ ಮಾತು, "ಖಾರ ಒಂಚೂರು ಜಾಸ್ತಿಯಾಯ್ತು ಕಣೇ."

ದುರುಗಿ ಅವನ ಬೆನ್ನಿಗೊಂದು ಗುದ್ದಿ, ಅಲ್ಲೇ ತಬ್ಬಿಕೊಂಡು ಗೊಳೋ ಎಂದು ಅತ್ತಳು.